ಸಬ್‌ಮೆರೀನ್‌ನ ತಣ್ಣನೆ ಹಾಸಿಗೆ

“ಕಾರಣ ಹೇಳೇ! ಕಾರಣ ಇಲ್ದೆ ಬರೀ ಹೆಸರು ಹೇಳಂಗಿಲ್ಲ. ಅದು ರೂಲ್!”

ದಿವ್ಯಾ ಬೆಂಚು ಹತ್ತಿ ನಿಂತು ಕೂಗಿದಳು. ಶನಿವಾರದ ಕೊನೆಯ ಪೀರಿಯಡ್. ಮೇಡಂ ಇನ್ನೂ ಬಂದಿರಲಿಲ್ಲ. ಆರನೇ ಕ್ಲಾಸು ಸಂತೆಯಾಗಿ ಹೋಗಿತ್ತು.

ಜಗಳ ‘ನೀರಡಿಯ ನೆರಳು’ ಧಾರಾವಾಹಿಯದು. ಸಮುದ್ರದ ಆಳದಲ್ಲಿ ಒಂದು ಸಬ್‌ಮೆರೀನ್. ಅದರೊಳಗೆ ರೇಡಿಯೋ ಆಪರೇಟರ್‌ನ ಕೊಲೆ. ಹೊರಗಿನವರು ಒಳಗೆ ಬರುವಂತಿಲ್ಲ, ಒಳಗಿನವರು ಹೊರಗೆ ಹೋಗುವಂತಿಲ್ಲ. ಅಂದ ಮೇಲೆ ಕೊಂದವನು ಒಳಗೇ ಇದ್ದಾನೆ, ಎಲ್ಲರ ಜೊತೆ ಕೂತು ಊಟ ಮಾಡುತ್ತಿದ್ದಾನೆ! ಅವನು ಯಾರು ಅನ್ನುವುದು ಭಾನುವಾರ ಸಂಜೆ, ಕೊನೆಯ ಎಪಿಸೋಡಿನಲ್ಲಿ ಗೊತ್ತಾಗಲಿತ್ತು.

ಅರ್ಧ ಕ್ಲಾಸು ಅಡುಗೆಯವನೇ ಅನ್ನುತ್ತಿತ್ತು, ಯಾಕೆಂದರೆ ಅವನು ಯಾವಾಗ ನೋಡಿದರೂ ಚಾಕು ಮಸೆಯುತ್ತಿದ್ದ. ಇನ್ನರ್ಧ ಡಾಕ್ಟರ್ ಅನ್ನುತ್ತಿತ್ತು. ಅವನ ನಗು ಸರಿಯಿಲ್ಲವಂತೆ. ಮಹಾದೇವಿ ಒಬ್ಬಳೇ ವಿಕ್ರಾಂತ್ ಅಂದಿದ್ದಳು.

ವಿಕ್ರಾಂತ್! ಇಂಜಿನ್ ರೂಮಿನ ವಿಕ್ರಾಂತ್! ಎಲ್ಲರನ್ನೂ ನಗಿಸುವವನು, ಗಿಟಾರ್ ನುಡಿಸುವವನು. ದಿವ್ಯಾಳ ಪೆನ್ಸಿಲ್ ಬಾಕ್ಸಿನ ಮುಚ್ಚಳದ ಮೇಲೆ ಅವನ ಫೋಟೋ ಅಂಟಿತ್ತು. ಅವಳಿಗೆ ಕೋಪ ಬಂದದ್ದು ತಪ್ಪೇನಲ್ಲ.

“ಹೇಳೇ, ಯಾಕೆ ವಿಕ್ರಾಂತ್?”

“ಹಾಸಿಗಿ...” ಅಂದ ಮಹಾದೇವಿ ಗಪ್ಪನೆ ಬಾಯಿ ಮುಚ್ಚಿಕೊಂಡಳು.

“ಹಾಸಿಗೆನಾ? ಯಾರ ಹಾಸಿಗೆ? ಏನಾಯ್ತು ಅದಕ್ಕೆ? ನಿಂಗ್ಹೆಂಗೆ ಗೊತ್ತು?” ದಿವ್ಯಾ ಪ್ರಶ್ನೆ ಶುರು ಮಾಡಿದರೆ ಪಟಾಕಿ ಸರಕ್ಕೆ ಬೆಂಕಿ ಇಟ್ಟ ಹಾಗೆ. ಪೂರ್ತಿ ಸಿಡಿದು ಮುಗಿಯುವವರೆಗೆ ನಿಲ್ಲುವುದಿಲ್ಲ.

“ಏನಿಲ್ಲ. ಸುಮ್ನ ಅಂದೆ.”

“ಸುಮ್ನೆ ಅಂತೆ! ಲಾಟರಿ ಹೊಡೀತಾ ಇದಾಳೆ ಕಣ್ರೋ!”

ಕ್ಲಾಸೆಲ್ಲ ನಕ್ಕಿತು. ಹಿಂದಿನ ಬೆಂಚಿನವರು “ಲಾಟರಿ ಮಾದೇವಿ! ಲಾಟರಿ ಮಾದೇವಿ!” ಎಂದು ಡೆಸ್ಕು ಬಡಿದರು. ಮೇಡಂ ಬಂದಾಗ ನಗು ನಿಂತಿತು. ಆದರೆ ಮಹಾದೇವಿಯ ಕಿವಿ ಮನೆ ಮುಟ್ಟುವವರೆಗೂ ಬಿಸಿಯಾಗಿಯೇ ಇತ್ತು.

ಅವಳಿಗೆ ಕಾರಣ ಗೊತ್ತಿರಲಿಲ್ಲವೇ? ಚೆನ್ನಾಗಿಯೇ ಗೊತ್ತಿತ್ತು. ಆದರೆ ಆ ಕಾರಣ ಅವಳ ಮನೆಯೊಳಗೆ ಮಲಗಿತ್ತು. ಗೊರಕೆ ಬೇರೆ ಹೊಡೆಯುತ್ತಿತ್ತು.

ಬಾಗಲಗುಂಟೆಯಲ್ಲಿ ದಿವ್ಯಾಳ ಅಜ್ಜಿ ವೆಂಕಟಮ್ಮನವರದು ದೊಡ್ಡ ಮನೆ. ಅದರ ಹಿಂದೆ ಸಾಲಾಗಿ ಬಾಡಿಗೆ ರೂಮುಗಳು. ಒಂದರಲ್ಲಿ ಮಹಾದೇವಿ, ಅವಳ ಅಪ್ಪ ಅಮರಪ್ಪ, ಅವ್ವ ಚನ್ನಕ್ಕ, ಪುಟ್ಟ ತಮ್ಮ ಇದ್ದರು. ಲಿಂಗಸುಗೂರು ಕಡೆಯಿಂದ ಬಂದವರು. ಅಪ್ಪನಿಗೆ ಪೀಣ್ಯದ ಫ್ಯಾಕ್ಟರಿಯಲ್ಲಿ ಡೇ ಶಿಫ್ಟ್ ಕೆಲಸ. ವೆಂಕಟಮ್ಮನವರು ಒಳ್ಳೆಯವರೇ, ಆದರೆ ಒಂದು ಮಾತಿನಲ್ಲಿ ಮಾತ್ರ ಕಟ್ಟುನಿಟ್ಟು. ರೂಮಿಗೆ ನಾಲ್ಕೇ ಜನ. ಐದನೆಯವರು ಕಂಡರೆ ರೂಮು ಖಾಲಿ ಮಾಡಬೇಕು.

ಐದನೆಯವನು ಇದ್ದ. ಅವ್ವನ ತಮ್ಮ ರೇವಣಸಿದ್ದ, ಮಹಾದೇವಿಯ ಮಾಮಾ. ಅವನಿಗೆ ನೈಟ್ ಶಿಫ್ಟ್. ಬೆಳಿಗ್ಗೆ ಅಪ್ಪ ಎದ್ದು ಹೊರಟ ಮೇಲೆ ಮಾಮಾ ಹಿಂದಿನ ಓಣಿಯಿಂದ ಒಳಗೆ ನುಸುಳುತ್ತಿದ್ದ. ಅಪ್ಪ ಬಿಟ್ಟುಹೋದ ಹಾಸಿಗೆಯಲ್ಲೇ ಬಿದ್ದುಕೊಳ್ಳುತ್ತಿದ್ದ. ಸಂಜೆ ಅಪ್ಪ ಬರುವ ಮೊದಲೇ ಎದ್ದು ಡ್ಯೂಟಿಗೆ ಹೋಗುತ್ತಿದ್ದ. ಆ ಓಣಿಯಲ್ಲಿ ಮುಕ್ಕಾಲು ಪಾಲು ಜನ ಅದೇ ನೀಲಿ ಅಂಗಿಯವರು. ಯಾರು ಬಂದರು, ಯಾರು ಹೋದರು, ಯಾರಿಗೆ ಗೊತ್ತಾಗಬೇಕು?

ಭಾನುವಾರ ಮಾತ್ರ ಕಷ್ಟ. ಅಪ್ಪನಿಗೂ ರಜೆ, ಮಾಮಾನಿಗೂ ರಜೆ. ವೆಂಕಟಮ್ಮನವರು ಬೇರೆ ಇಡೀ ದಿನ ಅಂಗಳದಲ್ಲೇ ಕೂತಿರುತ್ತಿದ್ದರು. ಹಾಗಾಗಿ ಮಾಮಾ ಶನಿವಾರ ರಾತ್ರಿಯ ಡ್ಯೂಟಿ ಮುಗಿಸಿ ಅಲ್ಲಿಂದಲೇ ಚಿಕ್ಕಬಾಣಾವರದ ಗೆಳೆಯನ ರೂಮಿಗೆ ಹೋಗಿಬಿಡುತ್ತಿದ್ದ. ಸೋಮವಾರ ಬೆಳಿಗ್ಗೆ ಬಂದು ಅಲ್ಲಿಯ ಸುದ್ದಿ ಹೇಳುತ್ತಿದ್ದ. ಗೆಳೆಯನ ರೂಮು ದೊಡ್ಡದಂತೆ, ಅಲ್ಲಿ ಕೋಳಿ ಸಾರಂತೆ, ರಾತ್ರಿಯೆಲ್ಲ ಕೇರಂ ಆಟವಂತೆ! ಕೇಳಿ ಕೇಳಿ ಮಹಾದೇವಿಗೆ ಹೊಟ್ಟೆಕಿಚ್ಚಾಗುತ್ತಿತ್ತು.

“ದೆವ್ವ ಬಂದು ಕೇಳಿದ್ರೂ ಮಾಮಾನ ಸುದ್ದಿ ಎತ್ತಬ್ಯಾಡ,” ಎಂದು ಅವ್ವ ಎಚ್ಚರಿಸಿದ್ದಳು. ದೆವ್ವವಾದರೂ ವಾಸಿ. ದಿವ್ಯಾ ಕೇಳಿದರೆ ಅದು ಸೀದಾ ಅಜ್ಜಿಯ ಕಿವಿಗೇ ಹೋಗುತ್ತಿತ್ತು.

ಆ ಮಧ್ಯಾಹ್ನ ಮಾಮಾ ಎದ್ದು ಚಹಾ ಕುಡಿಯುತ್ತ ಕೇಳಿದ. “ಏನಬೇ, ಮಾರಿ ಯಾಕ ಸಣ್ಣದಾಗೇತಿ?”

ಮಹಾದೇವಿ ಎಲ್ಲ ಹೇಳಿದಳು. ಧಾರಾವಾಹಿಯಲ್ಲಿ ಇಬ್ಬರು ನಾವಿಕರಿಗೆ ಒಂದೇ ಹಾಸಿಗೆ. ಒಬ್ಬ ಡ್ಯೂಟಿಗೆ ಹೋದಾಗ ಇನ್ನೊಬ್ಬ ಮಲಗಬೇಕು. ವಿಕ್ರಾಂತ್‌ಗೂ ಬಿಜು ಎಂಬ ಹುಡುಗನಿಗೂ ಒಂದೇ ಹಾಸಿಗೆ. ಕೊಲೆಯಾದಾಗ ನಾನು ಮಲಗಿ ನಿದ್ದೆ ಮಾಡ್ತಿದ್ದೆ ಅಂತ ವಿಕ್ರಾಂತ್ ಹೇಳಿದ್ದ. ಎಲ್ಲರೂ ನಂಬಿದ್ದರು.

“ಆದ್ರ ಮಾಮಾ, ಅವ ಎದ್ದು ಹೋದ ಕೂಡಲೇ ಬಿಜು ಬಂದು ಮಲಗಿದ. ಮಲಗಿದವನು ಗಡಗಡ ನಡುಗಿದ! ಕಾಲು ತಿಕ್ಕೊಂಡ, ಕಂಬಳಿ ಗದ್ದದ ತನಕ ಎಳಕೊಂಡ. ಒಂದೇ ಒಂದು ಸಲ ತೋರಿಸಿದ್ರು.”

ಮಾಮಾನ ಲೋಟ ಅರ್ಧಕ್ಕೇ ನಿಂತಿತು. “ಅಂದ್ರ ಹಾಸಿಗಿ ತಣ್ಣಗಿತ್ತು!”

“ಹೂಂ ಮತ್ತ! ನೀ ಬಂದು ಮಲಗಿದಾಗ ಏನಂತಿ? ‘ಭಾವ ಬೆಚ್ಚಗ ಮಾಡಿ ಇಟ್ಟಾನ’ ಅಂತಿ. ವಿಕ್ರಾಂತ್ ಮಲಗಿದ್ರ ಹಾಸಿಗಿ ಬೆಚ್ಚಗ ಇರ್ತಿತ್ತು.”

“ಶಭಾಷ್!” ಮಾಮಾ ತೊಡೆ ತಟ್ಟಿಕೊಂಡ. “ಸಾಲ್ಯಾಗ ಹೇಳಿದೇನು?”

ಮಹಾದೇವಿ ತಲೆ ಅಲ್ಲಾಡಿಸಿದಳು. ಯಾಕೆಂದು ಮಾಮಾ ಕೇಳಲಿಲ್ಲ, ಅವನಿಗೆ ಗೊತ್ತಾಯಿತು. ಸುಮ್ಮನೆ ಅವಳ ಜಡೆ ಎಳೆದು, ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಹಿಂದಿನ ಓಣಿಗೆ ಇಳಿದ.

ಭಾನುವಾರ ಸಂಜೆ ವೆಂಕಟಮ್ಮನವರ ಹಾಲ್ ತುಂಬಿತು. ಊರಿಗೆಲ್ಲ ದೊಡ್ಡದು ಅನ್ನಿಸುವಂಥ ಟಿವಿ ಅವರದು. ಸೋಫಾದ ಮೇಲೆ ವೆಂಕಟಮ್ಮ ಮತ್ತು ದಿವ್ಯಾ. ಕೆಳಗೆ ಚಾಪೆಯ ಮೇಲೆ ರೂಮಿನವರು. ಪಕ್ಕದ ರೂಮಿನ ದ್ಯಾಮಣ್ಣ ಹುರಿಗಡಲೆ ತಂದಿದ್ದ. ಆಚೆ ರೂಮಿನ ರುಕ್ಮವ್ವ ಕೈಯಲ್ಲಿ ಸೊಪ್ಪು ಬಿಡಿಸುತ್ತಿದ್ದರೂ ಕಣ್ಣೆಲ್ಲ ಟಿವಿ ಮೇಲೇ.

ಸಬ್‌ಮೆರೀನ್‌ನಲ್ಲಿ ಕಮಾಂಡರ್ ತಾರಾ ಎಲ್ಲರನ್ನೂ ಸಾಲಾಗಿ ನಿಲ್ಲಿಸಿದಳು. “ನಿಮ್ಮಲ್ಲೊಬ್ಬ ಕೊಲೆಗಾರ. ಅವನ ಹೆಸರು...” ಅಷ್ಟರಲ್ಲಿ ಸೋಪಿನ ಜಾಹೀರಾತು ಬಂತು.

“ಥೂ ಇವ್ನ!” ಎಂದರು ವೆಂಕಟಮ್ಮ. “ಕೊಲೆಗಾರ ಯಾರಂತ ಈಗ್ಲೇ ಎಲ್ರೂ ಏಳ್ಬುಡಿ. ಆಮೇಲೆ ‘ನಂಗೆ ಮೊದ್ಲೇ ಗೊತ್ತಿತ್ತು’ ಅಂದ್ರೆ ಒಪ್ಪಕಿಲ್ಲ. ನಾನು ಅಡ್ಗೆಯವ್ನು ಅಂತೀನಿ.”

ದ್ಯಾಮಣ್ಣ ಡಾಕ್ಟರ್ ಅಂದ. ರುಕ್ಮವ್ವ ಅಡುಗೆಯವನು ಅಂದಳು. ದಿವ್ಯಾ ಡಾಕ್ಟರ್ ಎಂದು ಕೈ ಎತ್ತಿ, “ಅಜ್ಜಿ, ಮಾದೇವಿ ಮಾತ್ರ ವಿಕ್ರಾಂತ್ ಅಂತಾಳೆ. ಕಾರಣ ಕೇಳಿದ್ರೆ ಇಲ್ಲ!” ಎಂದಳು.

ಎಲ್ಲರೂ ನಕ್ಕರು. “ಓಗ್ಲಿ ಬುಡು,” ಎಂದರು ವೆಂಕಟಮ್ಮ. “ಪಾಪ, ಅದಕ್ಕೇನ್ ಗೊತ್ತಾಯ್ತದೆ?”

ಬೈದಿದ್ದರೆ ಮಹಾದೇವಿ ತಡೆದುಕೊಳ್ಳುತ್ತಿದ್ದಳು. ಆದರೆ ಆ ‘ಪಾಪ’ ಇದೆಯಲ್ಲ, ಅದು ಗಾಯಕ್ಕೆ ಉಪ್ಪು ಸವರಿದಂತಾಯಿತು.

“ನಂಗ ಗೊತ್ತೈತಿ! ಬಿಜು ಮಲಗಿದಾಗ ಹಾಸಿಗಿ ತಣ್ಣಗಿತ್ತು. ವಿಕ್ರಾಂತ್ ಅದರಾಗ ಮಲಗೇ ಇಲ್ಲ!”

“ಅದು ಪ್ರೂಫಾ? ಎದ್ದ ತಕ್ಷಣ ಹಾಸಿಗೆ ತಣ್ಣಗಾಗತ್ತೆ,” ಎಂದಳು ದಿವ್ಯಾ.

“ಆಗಂಗಿಲ್ಲ!” ಮಹಾದೇವಿ ಎದ್ದು ನಿಂತಳು. “ನಮ್ಮಪ್ಪ ಎದ್ದು ಹೋದ ಮ್ಯಾಲ ಮಾಮಾ ಬಂದು ಮಲಗ್ತಾನ. ಆಗೂ ಬೆಚ್ಚಗ ಇರ್ತೈತಿ!”

“ಹೌದ್ರೀ, ಬೆಚ್ಚಗ ಇರ್ಬೇಕು!” ಎಂದ ದ್ಯಾಮಣ್ಣ. ರುಕ್ಮವ್ವನೂ ಜೋರಾಗಿ ತಲೆಯಾಡಿಸಿದಳು.

ವೆಂಕಟಮ್ಮ ಸೋಫಾದಲ್ಲಿ ಮುಂದಕ್ಕೆ ಬಾಗಿದರು.

ಮಹಾದೇವಿ ಅವ್ವನ ಮುಖ ನೋಡಿದಳು. ಅವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು. ಅಪ್ಪ ನೆಲ ನೋಡುತ್ತಿದ್ದ. ತಾನು ಏನು ಹೇಳಿಬಿಟ್ಟೆ ಎಂದು ಅವಳಿಗೆ ಆಗ ಅರಿವಾಯಿತು. ರೂಮು ಹೋಯಿತು, ಮಾಮಾ ಹೋದ, ಎಲ್ಲ ತನ್ನಿಂದಲೇ!

“ಮಾಮಾ?” ಎಂದರು ವೆಂಕಟಮ್ಮ. “ಯಾವ್ ಮಾಮಾ?”

ಅಷ್ಟರಲ್ಲಿ ಟಿವಿಯಲ್ಲಿ ಢಣ್ ಎಂದು ಸಂಗೀತ ಬಂತು. “ಅದು ಆಮ್ಯಾಕೆ,” ಎಂದು ವೆಂಕಟಮ್ಮ ಕೈ ಎತ್ತಿದರು. ಎಷ್ಟೇ ಕೋಪ ಬಂದರೂ ಕೊಲೆಗಾರನನ್ನು ಬಿಟ್ಟುಕೊಡುವವರಲ್ಲ ಅವರು.

ಕಮಾಂಡರ್ ತಾರಾ ನಿಧಾನವಾಗಿ ನಡೆದು ಬಿಜುವಿನ ಮುಂದೆ ನಿಂತಳು. “ಬಿಜು, ಆ ದಿನ ನೀನು ಮಲಗಿದಾಗ ಹಾಸಿಗೆ ಹೇಗಿತ್ತು?”

ಬಿಜು ವಿಕ್ರಾಂತ್‌ನ ಕಡೆ ನೋಡಿದ. “ತಣ್ಣಗಿತ್ತು, ಮೇಡಂ. ಮಂಜುಗಡ್ಡೆ ಥರ.”

ವಿಕ್ರಾಂತ್‌ನ ಮುಖದ ನಗು ಇಳಿದುಹೋಯಿತು.

ಹಾಲ್ ಸಿಡಿದುಹೋಯಿತು! ದ್ಯಾಮಣ್ಣ ಬಾಯಿಗೆ ಬೆರಳಿಟ್ಟು ಶಿಳ್ಳೆ ಹೊಡೆದ. ಹುರಿಗಡಲೆ ಚಾಪೆ ತುಂಬ ಚೆಲ್ಲಿತು. ರುಕ್ಮವ್ವ ಸೊಪ್ಪು ಎಸೆದು ಚಪ್ಪಾಳೆ ತಟ್ಟಿದಳು. ದಿವ್ಯಾ ಸೋಫಾದಿಂದ ಹಾರಿ ಬಂದು ಮಹಾದೇವಿಯನ್ನು ಅಪ್ಪಿಕೊಂಡು ಗಿರಗಿರ ತಿರುಗಿಸಿದಳು. “ಸಖತ್ ಕಣೇ! ನೀನೇ ಕರೆಕ್ಟು! ಇಡೀ ಕ್ಲಾಸಲ್ಲಿ ನೀನೊಬ್ಳೇ! ನಾಳೆ ಬೆಂಚ್ ಮೇಲೆ ನೀನು ನಿಲ್ಬೇಕು!”

ತಿರುಗುತ್ತಿದ್ದ ಮಹಾದೇವಿಗೆ ಒಂದು ಗಳಿಗೆ ಎಲ್ಲ ಮರೆತೇಹೋಯಿತು. ಗೆದ್ದಿದ್ದಳು! ಊಹೆಯಿಂದಲ್ಲ, ಕಾರಣ ಹೇಳಿ ಗೆದ್ದಿದ್ದಳು.

ವೆಂಕಟಮ್ಮ ರಿಮೋಟ್ ಒತ್ತಿ ಟಿವಿ ಆರಿಸಿದರು.

“ಈಗ ನಂದು ವಿಚಾರಣೆ,” ಎಂದರು. “ದ್ಯಾಮಣ್ಣ, ಆಸ್ಗೆ ಬೆಚ್ಚಗಿರ್ಬೇಕು ಅಂತ ನಿಂಗೆಂಗಪ್ಪಾ ಗೊತ್ತಾಯ್ತು?”

ದ್ಯಾಮಣ್ಣನ ಬಾಯಿಗೆ ಹೋಗುತ್ತಿದ್ದ ಕಡಲೆ ಅಲ್ಲೇ ನಿಂತಿತು. “ಅದು... ನಮ್ಮ ಅಣ್ಣನ ಮಗ ಸೆಕೆಂಡ್ ಶಿಫ್ಟ್, ಅಮ್ಮಾರ...”

“ರುಕ್ಮವ್ವ?”

“ನಮ್ಮ ಅಳಿಯ ರೀ,” ಎಂದಳು ರುಕ್ಮವ್ವ ಸೊಪ್ಪಿನ ಕಡೆ ನೋಡುತ್ತ.

ಮೂಲೆಯಲ್ಲಿ ಕೂತವರೊಬ್ಬರು ಕೇಳುವ ಮೊದಲೇ ಒಪ್ಪಿಕೊಂಡರು. ವೆಂಕಟಮ್ಮ ಒಬ್ಬೊಬ್ಬರ ಮುಖವನ್ನೂ ನೋಡಿದರು. ಎಲ್ಲರದೂ ಕದ್ದು ಸಿಕ್ಕಿಬಿದ್ದ ಹುಡುಗರ ಮುಖ.

“ಅಯ್ಯೋ ನಿಮ್ಮ! ಒಂದು ರೂಮಲ್ಲ, ಎಲ್ಲಾ ರೂಮಲ್ಲೂವಾ! ಸಂಪಲ್ಲಿ ನೀರು ನಿಲ್ತಿಲ್ಲ, ಪೈಪ್ ಒಡೆದೋಗೈತೆ ಅಂತ ನಾನು ಇಡೀ ಅಂಗ್ಳ ಅಗೆಸ್ದೆ ಕಣ್ರೋ! ನೀವೂ ಬಂದು ಗುದ್ಲಿ ಇಡ್ಕಂಡ್ರಲ್ಲೋ! ನನ್ನ ಇತ್ಲಲ್ಲಿ ಸಬ್‌ಮೆರೀನ್ ಓಡಿಸ್ತಾವ್ರೆ, ನಂಗೇ ಗೊತ್ತಿಲ್ಲ!”

ಬೈಯುತ್ತ ಬೈಯುತ್ತಲೇ ಅವರಿಗೆ ನಗು ತಡೆಯಲಾಗಲಿಲ್ಲ. ಹೊಟ್ಟೆ ಹಿಡಿದುಕೊಂಡು ನಕ್ಕರು, ಕಣ್ಣೀರು ಒರೆಸಿಕೊಂಡು ಮತ್ತೆ ನಕ್ಕರು. ಮೊದಲು ದಿವ್ಯಾ, ಆಮೇಲೆ ಎಲ್ಲರೂ ನಕ್ಕರು.

“ನೀರಿನ ಕಾಟಕ್ಕೇ ಆ ರೂಲ್ ಮಾಡಿದ್ದು ನಾನು,” ಎಂದರು ಕೊನೆಗೆ. “ಇರೋರು ಇರ್ಲಿ. ಟ್ಯಾಂಕರ್ ಬಂದ ದಿನ ಪೈಪ್ ಎಳೆಯಾಕೆ ಎಲ್ರೂ ಬರ್ಬೇಕು. ಓಣಿಯಿಂದ ಕಳ್ರಂಗೆ ಬರೋದು ಬ್ಯಾಡ, ಮುಂದ್ಲ ಗೇಟಲ್ಲಿ ಮಕ ತೋರ್ಸ್ಕಂಡು ಬರ್ಲಿ. ಏ ಮಾದೇವಿ, ನಿಮ್ಮ ಮಾವನ್ನ ಕರಿ, ನಾನೂ ನೋಡ್ತೀನಿ.”

ಮಹಾದೇವಿ ಅವ್ವನ ಫೋನ್ ಕಸಿದುಕೊಂಡು ಅಂಗಳಕ್ಕೆ ಓಡಿದಳು.

“ಮಾಮಾ! ವಿಕ್ರಾಂತೇ! ನಾ ಗೆದ್ದೆ! ಅಮ್ಮಾರಿಗೆ ಎಲ್ಲ ಗೊತ್ತಾತು, ಏನೂ ಅನ್ನಲಿಲ್ಲ, ನೀ ಇಲ್ಲೇ ಇರಬಹುದಂತ! ಈಗಲೇ ಬಾ! ಕೇರಂ ಸಾಕು!”

ಆ ಕಡೆಯಿಂದ ಮಾಮಾ ಏನೋ ಹೇಳಿದ. ಆದರೆ ಅದರ ಮೇಲೆ ಬೇರೆ ದನಿಯೊಂದು ಕೇಳಿಸಿತು. “ಪ್ರಯಾಣಿಕರೇ, ದಯವಿಟ್ಟು ಗಮನಿಸಿ...” ಆಮೇಲೆ ರೈಲಿನ ಉದ್ದನೆಯ ಕೂಗು.

“ಬರ್ತೀನಬೇ, ಬಂದೇಬಿಟ್ಟೆ,” ಎಂದು ಮಾಮಾ ಫೋನ್ ಇಟ್ಟ.

ಅವನು ಬಂದಾಗ ದಿವ್ಯಾಳೇ ಗೇಟು ತೆರೆದಳು. ಚಪ್ಪಲಿ ಟಪಟಪ ಸದ್ದು ಮಾಡುತ್ತ ಮಾಮಾ ಅಂಗಳದ ನಡುವೆಯೇ ನಡೆದು ಬಂದ. ವೆಂಕಟಮ್ಮನವರಿಗೆ ಕೈ ಮುಗಿದ. ಅವರು ಅವನನ್ನು ಮೇಲಿಂದ ಕೆಳಗೆ ನೋಡಿ, “ಇಷ್ಟು ಎತ್ರದವ್ನು ನನ್ ಕಣ್ಣಿಗೆ ಬಿದ್ದಿಲ್ವಲ್ಲಾ!” ಎಂದು ಮತ್ತೆ ನಕ್ಕರು.

ಆ ಸಂಜೆ ಐದೂ ಜನ ಒಟ್ಟಿಗೆ ಕೂತು ರೊಟ್ಟಿ ತಿಂದರು. ಮಾಮಾ ಎಷ್ಟು ಹಸಿದಿದ್ದನೆಂದರೆ ಅವ್ವ ಎರಡನೇ ಸಲ ಹಿಟ್ಟು ಕಲಸಬೇಕಾಯಿತು. ಅಪ್ಪ ತನ್ನ ಹಾಸಿಗೆಯನ್ನು ಅಡ್ಡಲಾಗಿ ಹಾಸಿ, ಪಕ್ಕದಲ್ಲಿ ಜಮಖಾನ ಬಿಡಿಸಿ ಜಾಗ ಮಾಡಿದ. ಮಹಾದೇವಿ ಕೊನೆಯ ಎಪಿಸೋಡಿನ ಕತೆ ಶುರು ಮಾಡಿದಳು. ಬಿಜು ಬಾಯಿ ಬಿಡುವ ಹೊತ್ತಿಗೆ ಮಾಮಾನಿಗೆ ನಿದ್ದೆ ಬಂದುಬಿಟ್ಟಿತ್ತು.

ಅವನು ರೈಲ್ವೆ ಸ್ಟೇಷನ್ನಿನಲ್ಲಿ ಮಲಗುವವರ ಹಾಗೆ ತನ್ನ ಬ್ಯಾಗನ್ನೇ ತಲೆಯ ಕೆಳಗಿಟ್ಟುಕೊಂಡು, ಅದರ ಪಟ್ಟಿಯನ್ನು ಮುಂಗೈಗೆ ಎರಡು ಸುತ್ತು ಸುತ್ತಿಕೊಂಡು ಮಲಗಿದ್ದ.

ಮಹಾದೇವಿ ಸ್ವಲ್ಪ ಹೊತ್ತು ನೋಡುತ್ತ ಕೂತಳು. ಗೆಳೆಯನ ದೊಡ್ಡ ರೂಮು, ಕೋಳಿ ಸಾರು, ಕೇರಂ ಆಟದ ಬಗ್ಗೆ ಅವಳು ಯಾರನ್ನೂ ಏನೂ ಕೇಳಲಿಲ್ಲ. ಮೆಲ್ಲಗೆ ಪಟ್ಟಿ ಬಿಡಿಸಿ, ಬ್ಯಾಗು ತೆಗೆದು, ತನ್ನ ದಿಂಬನ್ನು ಅವನ ತಲೆಯ ಕೆಳಗೆ ಸರಿಸಿದಳು. ಬ್ಯಾಗನ್ನು ಗೋಡೆಯ ಮೊಳೆಗೆ ತೂಗುಹಾಕಿ, ಬಾಗಿಲ ಹತ್ತಿರದ ಚಳಿ ಅವನಿಗೆ ತಾಗದಂತೆ ಕಂಬಳಿಯನ್ನು ಗದ್ದದ ತನಕ ಎಳೆದಳು.