ಮೂರು ಆ್ಯಪ್, ಒಂದು ಕಿವಿ

"ಬೀಪ್ ಕೇಳಿಸಿದ ತಕ್ಷಣ ಈ ಬಟನ್ ಒತ್ತಿ. ಎಷ್ಟೇ ಸಣ್ಣಗೆ ಕೇಳಿಸಿದ್ರೂ ಒತ್ತಿ," ಅಂದೆ.

"ಕೇಳಿಸದೇ ಇದ್ರೆ?"

"ಒತ್ತಬೇಡಿ."

"ಇಷ್ಟು ಸುಲಭದ ಪರೀಕ್ಷೆ ನಾನು ಯಾವತ್ತೂ ಬರೆದಿಲ್ಲ ಕಣ್ರೀ," ಎಂದು ಕಲಾವತಿ ನಕ್ಕಳು.

ಅದು 2018ರ ಅಕ್ಟೋಬರ್. ಆರ್.ಟಿ. ನಗರದ ಒಂದು ಸಣ್ಣ ಕ್ಲಿನಿಕ್‌ನಲ್ಲಿ ನಾನು ಆಡಿಯಾಲಜಿಸ್ಟ್. ಜನರ ಕಿವಿಗೆ ಎಷ್ಟು ಕೇಳಿಸುತ್ತದೆ ಎಂದು ಅಳೆಯುವುದು ನನ್ನ ಕೆಲಸ. ಕಲಾವತಿಗೆ ಕೆಂಪಾಪುರದಲ್ಲಿ ಬ್ಲೌಸ್ ಹೊಲಿಯುವ ಅಂಗಡಿ ಇತ್ತು. ಅವಳ ಎಡಗಿವಿ ಆಗಲೇ ಹೋಗಿತ್ತು. ಮೈಯ ರಕ್ಷಣೆಗಿರುವ ಶಕ್ತಿಯೇ ಒಳಕಿವಿಯನ್ನು ಶತ್ರು ಎಂದುಕೊಂಡು ತಿನ್ನುವ ಅಪರೂಪದ ಕಾಯಿಲೆ. ಬಲಗಿವಿ ಇನ್ನೂ ಚೆನ್ನಾಗಿತ್ತು. ಮೂರು ವಾರಕ್ಕೊಮ್ಮೆ ಪರೀಕ್ಷೆ ಮಾಡಬೇಕು, ಗ್ರಾಫ್ ಸ್ವಲ್ಪ ಇಳಿದರೂ ಅದೇ ದಿನ ಔಷಧಿ ಶುರು ಮಾಡಬೇಕು, ತಡವಾದರೆ ಹೋದ ಶ್ರವಣ ವಾಪಸ್ ಬರುವುದಿಲ್ಲ ಎಂದು ಡಾಕ್ಟರ್ ಹೇಳಿದ್ದರು. ಔಷಧಿ ಬಲು ತೀಕ್ಷ್ಣ. ಅಗತ್ಯವಿಲ್ಲದೆ ಕೊಡುವಂತಿರಲಿಲ್ಲ. ಅಗತ್ಯ ಬಂತೋ ಇಲ್ಲವೋ ಎಂದು ಹೇಳಬೇಕಾದವನು ನಾನು.

ಪರೀಕ್ಷೆಯ ಕೋಣೆ ಒಬ್ಬರು ಕೂರುವಷ್ಟಿತ್ತು. ಹೊರಗಿನ ಸದ್ದು ಒಳಗೆ ಬಾರದು. ಒಳಗೆ ಅವಳು, ಹೊರಗೆ ಮಷಿನ್ ಮುಂದೆ ನಾನು, ನಡುವೆ ಗಾಜು. ಕುರ್ಚಿ ಗೋಡೆಯ ಕಡೆಗೆ ತಿರುಗಿರಬೇಕು ಎಂಬುದು ನಿಯಮ.

ಎರಡನೇ ಸಲ ಬಂದಾಗ ಅವಳು ಕುರ್ಚಿಯನ್ನು ಗಾಜಿನ ಕಡೆಗೆ ತಿರುಗಿಸಿಕೊಂಡಳು.

"ಹಾಗೆ ಕೂರಬಾರದು."

"ಗೋಡೆ ನೋಡ್ಕೊಂಡು ಕೂತ್ರೆ ಉಸಿರು ಕಟ್ಟುತ್ತೆ. ನಿಮ್ಮನ್ನ ನೋಡ್ಕೊಂಡು ಕೂತ್ರೆ ಏನ್ ನಷ್ಟ? ನೀವೇನ್ ಬೀಪ್ ಅನ್ನಲ್ವಲ್ಲ."

ನಾನು ಒಪ್ಪಿಬಿಟ್ಟೆ. ನಾಲ್ಕು ವರ್ಷ ಓದಿ, ಆರು ವರ್ಷ ಕೆಲಸ ಮಾಡಿ ಯಾರಿಗೂ ಬಿಡದ ನಿಯಮವನ್ನು ಅವಳಿಗೆ ಬಿಟ್ಟೆ.

ಆಮೇಲಿನ ಶನಿವಾರಗಳಿಗಾಗಿ ನಾನು ಅಂಗಿ ಇಸ್ತ್ರಿ ಮಾಡಿಸತೊಡಗಿದೆ. ಗಾಜಿನಾಚೆ ಅವಳು ತಲೆಯನ್ನು ಸ್ವಲ್ಪ ಬಲಕ್ಕೆ ವಾಲಿಸಿ, ತುಟಿಯನ್ನು ಒಳಗೆ ಕಚ್ಚಿಕೊಂಡು, ರೆಪ್ಪೆ ಬಡಿಯದೆ ನನ್ನನ್ನೇ ನೋಡುತ್ತಿದ್ದಳು. ನಾನು ಬೀಪ್ ಕಳಿಸುತ್ತಿದ್ದೆ. ಅವಳ ಬೆರಳು ಒತ್ತುತ್ತಿತ್ತು. ಮಷಿನ್‌ನಲ್ಲಿ ಹಸಿರು ದೀಪ ಹತ್ತುತ್ತಿತ್ತು. ಅವಳಿಗೆ ಕೇಳಿಸಿತು ಎಂಬುದೇ ನನಗೆ ಹಬ್ಬವಾಗುತ್ತಿತ್ತು. ಏಳು ಶನಿವಾರ, ಏಳು ಗ್ರಾಫ್. ಏಳೂ ಮೊದಲನೆಯದರ ಹಾಗೇ ಇದ್ದವು.

"ಇಳಿದಿಲ್ಲ," ಎನ್ನುತ್ತಿದ್ದೆ.

"ನಿಮ್ಮ ಮುಖ ನೋಡಿದ್ರೆ ಗೊತ್ತಾಗುತ್ತೆ ಬಿಡಿ," ಎನ್ನುತ್ತಿದ್ದಳು.

ಮಾರ್ಚ್‌ನಲ್ಲಿ ಒಂದು ದಿನ ಕೇಳಿದಳು: "ನಾಗೇಶ್ ಅವ್ರೇ, ಅಂಗಡೀಲಿ ರೇಡಿಯೋ ಹಾಕಿದ್ರೆ ಬರೀ ಜಾಹೀರಾತು. ದುಡ್ಡು ಕಟ್ಟಿ ಹಾಡು ಕೇಳೋ ಆ್ಯಪ್ ಇದಾವಂತಲ್ಲ, ನನಗೆ ಯಾವುದು ಸರಿಹೋಗುತ್ತೆ?"

"ಒಂದು ವಾರ ಟೈಮ್ ಕೊಡಿ," ಅಂದೆ. ಅವಳು ಕೇಳಿದ ಮೊದಲ ಉಪಕಾರ ಅದು.

ಮೂರು ಆ್ಯಪ್ ಆರಿಸಿ ಮೂರಕ್ಕೂ ಒಂದು ತಿಂಗಳ ಉಚಿತ ಟ್ರಯಲ್ ತೆಗೆದುಕೊಂಡೆ. ಕೆಂಪು ಬಣ್ಣದ್ದರಲ್ಲಿ ಹಳೆಯ ಕನ್ನಡ ಹಾಡುಗಳು ಜಾಸ್ತಿ. ನೀಲಿಯದರಲ್ಲಿ ಧ್ವನಿ ಸ್ಪಷ್ಟ. ಆಗತಾನೇ ಬಂದಿದ್ದ ಹಸಿರು ಆ್ಯಪ್, ಒಂದು ಹಾಡು ಮೆಚ್ಚಿದರೆ ಅಂಥವೇ ಹತ್ತು ಹುಡುಕಿಕೊಡುತ್ತಿತ್ತು. ಅವಳ ಅಂಗಡಿ ನೆಲಮಾಳಿಗೆಯಲ್ಲಿದ್ದುದರಿಂದ ಸಿಗ್ನಲ್ ಕಡಿಮೆ. ಹಾಡುಗಳನ್ನು ಡೌನ್‌ಲೋಡ್ ಮಾಡಿಡುವ ಸೌಲಭ್ಯಕ್ಕೆ ಹೆಚ್ಚು ಅಂಕ ಕೊಟ್ಟೆ. ಒಂದೇ ಕಿವಿಯಲ್ಲಿ ಕೇಳುವವರಿಗೆ ಎಡ–ಬಲದ ಧ್ವನಿ ಸೇರಿ ಬರಬೇಕು. ಅದಕ್ಕೆ ಫೋನಿನಲ್ಲಿ ಮಾಡಬೇಕಾದ ಸೆಟ್ಟಿಂಗ್ ಬರೆದಿಟ್ಟುಕೊಂಡೆ. ಅವಳಿಗಾಗಿ ಒಂದು ಕೋಷ್ಟಕ ಮಾಡುವ ಸುಖ ಎಂಥದ್ದೆಂದು ಯಾರಿಗೆ ಹೇಳಲಿ?

ಭಾನುವಾರ ಬೆಳಿಗ್ಗೆ ಅಂಗಡಿಗೆ ಹೋದೆ. ಕಲಾವತಿಯ ಜೊತೆ ಕಸೂತಿ ಕೆಲಸ ಮಾಡುವ ಜೈಬುನ್ನೀಸಾ ಚಾಪೆಯ ಮೇಲೆ ಕೂತು ಸೀರೆಯ ಸೆರಗಿಗೆ ಮಣಿ ಪೋಣಿಸುತ್ತಿದ್ದಳು.

"ಬಂದ್ರಾ ಬೀಪ್ ಸಾಬ್! ಆಸ್ಪತ್ರೇಲಿ ನೋಡಿದ್ದು ಸಾಕಾಗ್ಲಿಲ್ವಾ?"

"ಸುಮ್ನಿರಿ ಆಂಟಿ," ಅಂದ ಕಲಾವತಿಯ ಕಿವಿಯ ತುದಿ ಕೆಂಪಾಯಿತು.

"ನಾನೇನಂದೆ? ಹಾಡು ಸೆಲೆಕ್ಟ್ ಮಾಡೋಕೆ ಮೂರು ಆ್ಯಪ್, ಒಂದು ಪುಸ್ತಕ! ಹುಡುಗಿ ನೋಡೋಕೂ ಜನ ಇಷ್ಟು ಮಾಡಲ್ಲ ಸಾಬ್."

ನಾನು ನಗುತ್ತಾ ನಿಯಮ ಹೇಳಿದೆ. ಒಂದೇ ಹಾಡು, ಮೂರು ಆ್ಯಪ್. ಯಾವುದರಲ್ಲಿ ಹಾಕುತ್ತಿದ್ದೇನೆ ಎಂದು ತಿಳಿಯಬಾರದು. ಆದ್ದರಿಂದ ಅವಳು ನನಗೆ ಬೆನ್ನು ಮಾಡಿ ಕೂರಬೇಕು.

"ಇಲ್ಲೂ ಗೋಡೆನಾ?" ಎಂದು ಮುಖ ಸಣ್ಣದು ಮಾಡಿಕೊಂಡು ತಿರುಗಿ ಕುಳಿತಳು.

ಮೊದಲು ನೀಲಿ ಆ್ಯಪ್. ಹಾಡು ಕೊಳಲಿನಿಂದ ಶುರುವಾಗುತ್ತದೆ, ಬರೀ ಕೊಳಲು, ಮೇಲಿನ ಸ್ವರಗಳಲ್ಲಿ, ಸುಮಾರು ಅರ್ಧ ನಿಮಿಷ. ಪುಟ್ಟ ಸ್ಪೀಕರಿಗೆ ಜೋಡಿಸಿ ದೊಡ್ಡದಾಗಿಯೇ ಹಾಕಿದೆ. ನೆಲಮಾಳಿಗೆಯ ತುಂಬಾ ಕೊಳಲು ಹರಡಿತು.

"ಶುರು ಮಾಡ್ರೀ," ಅಂದಳು ಕಲಾವತಿ.

ಜೈಬುನ್ನೀಸಾಳ ಸೂಜಿ ಬಟ್ಟೆಯಲ್ಲೇ ನಿಂತಿತು. ಅವಳು ನನ್ನತ್ತ ನೋಡಿದಳು.

"ಏನ್ರೀ, ಸಿಗ್ನಲ್ ಇಲ್ವಾ?"

ಕೊಳಲು ಮುಗಿದು ತಬಲಾ ಬಂತು. "ಹಾಂ, ಬಂತು ನೋಡಿ," ಎಂದು ಕಲಾವತಿ ತಲೆದೂಗಿದಳು.

ಕೆಂಪು ಆ್ಯಪ್ ಹಾಕಿದೆ. ಅಷ್ಟೇ. ಹಸಿರು ಹಾಕಿದೆ. ಅಷ್ಟೇ. ಸ್ಪೀಕರಿನದೇ ದೋಷವಿರಲಿ ಎಂದು ಬೇಡಿಕೊಳ್ಳುತ್ತಾ ಅವಳ ಬಲಗಿವಿಗೆ ಹೆಡ್‌ಫೋನ್ ಇಟ್ಟೆ.

"ಮೂರೂ ಒಂದೇ ಥರ ಇದೆ. ಆದ್ರೆ ಮೂರೂ ತಡವಾಗಿ ಶುರುವಾಗ್ತವೆ," ಅಂದಳು.

ಅವಳನ್ನು ನನ್ನ ಕಡೆಗೆ ತಿರುಗಿಸಿದೆ. "ಕಲಾವತಿ, ಕ್ಲಿನಿಕ್‌ನಲ್ಲಿ ಬೀಪ್... ನಿಜವಾಗ್ಲೂ ಕೇಳಿಸ್ತಿತ್ತಾ?"

ಅವಳು ನನ್ನ ತುಟಿ, ಕಣ್ಣು, ಹುಬ್ಬು ಎಲ್ಲವನ್ನೂ ಒಮ್ಮೆ ಓದಿದಳು. ನಗು ಮೆಲ್ಲಗೆ ಆರಿಹೋಯಿತು.

"ಕೆಲವು ಕೇಳಿಸ್ತಿದ್ವು. ಕೆಲವು ಕೇಳಿಸಿದ ಹಾಗೆ ಅನ್ಸೋದು. ಬೀಪ್ ಕಳಿಸಿದ ತಕ್ಷಣ ನೀವು ಕಣ್ಣೆತ್ತಿ ನನ್ನ ನೋಡ್ತಿದ್ರಿ. ಪ್ರತೀ ಸಲ. ನೀವು ಹಾಗೆ ನೋಡಿದ ಮೇಲೆ ನಾನು ಒತ್ತದೇ ಇರೋಕಾಗುತ್ತಾ?"

ಒಬ್ಬ ಆಡಿಯಾಲಜಿಸ್ಟ್ ಮೊದಲ ತರಗತಿಯಲ್ಲೇ ಕಲಿಯುವ ಪಾಠ ಅದು. ಉತ್ತರ ನಿನ್ನ ಮುಖದಲ್ಲಿ ಕಾಣಿಸಬಾರದು. ಏಳು ಗ್ರಾಫ್‌ಗಳಲ್ಲಿ ನಾನು ಅಳೆದದ್ದು ಅವಳ ಕಿವಿಯನ್ನಲ್ಲ, ನನ್ನ ಆಸೆಯನ್ನು.

ಸೋಮವಾರ ನನ್ನ ಸಹೋದ್ಯೋಗಿ ದಿವ್ಯ ಪರೀಕ್ಷೆ ಮಾಡಿದಳು, ಕುರ್ಚಿಯನ್ನು ಗೋಡೆಗೆ ತಿರುಗಿಸಿ. ನಾನು ಹೊರಗೆ ಕಾರಿಡಾರಿನಲ್ಲಿ ನಿಂತಿದ್ದೆ. ಗ್ರಾಫಿನ ಗೆರೆ ಕೆಳಸ್ವರಗಳಲ್ಲಿ ಸ್ವಲ್ಪ ದೂರ ನೆಟ್ಟಗೆ ಬಂದು, ಆಮೇಲೆ ಮೇಲಿನ ಸ್ವರಗಳಲ್ಲಿ ಬಾವಿಗೆ ಇಳಿದಂತೆ ಇಳಿದಿತ್ತು. ಇದು ಮೂರು ನಾಲ್ಕು ತಿಂಗಳ ಹಿಂದೆಯೇ ಶುರುವಾಗಿರಬೇಕು ಎಂದರು ಡಾಕ್ಟರ್. ಔಷಧಿ ಈಗಲೇ ಕೊಡೋಣ, ಇರುವುದು ಉಳಿದರೆ ಪುಣ್ಯ, ಉಳಿಯದೆಯೂ ಹೋಗಬಹುದು ಎಂದರು. ನಾನು ನಡೆದದ್ದನ್ನೆಲ್ಲ ಅವರಿಗೆ ಹೇಳಿ, ಅವಳ ಫೈಲಿನಲ್ಲಿ ಬರೆದು ಸಹಿ ಹಾಕಿದೆ: ಹಿಂದಿನ ಏಳು ಗ್ರಾಫ್‌ಗಳನ್ನು ನಂಬುವಂತಿಲ್ಲ.

ಇಬ್ಬರೂ ಬಸ್ ಸ್ಟಾಪಿಗೆ ನಡೆದೆವು. ಮಧ್ಯಾಹ್ನದ ಬಿಸಿಲು. ಸ್ಟಾಪಿನಲ್ಲಿ ಬೇರೆ ಯಾರೂ ಇರಲಿಲ್ಲ.

"ನಾಲ್ಕು ತಿಂಗಳು ರೀ," ಅಂದಳು. ಸ್ವರ ಒಡೆದಿತ್ತು. "ನಾಲ್ಕು ತಿಂಗಳು ಏನಾದ್ರೂ ಮಾಡಬಹುದಿತ್ತು."

"ನನ್ನ ತಪ್ಪು."

"ನಿಮ್ಮದೇ. ನಂದೂ ಇದೆ, ಆದ್ರೆ ಓದಿದೋರು ನೀವು." ಕಣ್ಣೊರೆಸಿಕೊಂಡಳು. "ಇಷ್ಟ ಇದ್ರೆ ಬಾಯಿಬಿಟ್ಟು ಹೇಳ್ಬೇಕಿತ್ತು. ನೋಡಿ ನೋಡಿ ಹೀಗ್ ಮಾಡಿದ್ರಿ. ಆಗ ಹೇಳಿದ್ದಿದ್ರೆ ಎಷ್ಟು ಚೆನ್ನಾಗಿ ಕೇಳಿಸ್ತಿತ್ತು ಗೊತ್ತಾ?"

ನಾನು ಅವಳ ಬಲಗಡೆಗೆ ಹೋಗಿ ನಿಂತೆ. ಅವಳು ಕಣ್ಣು ಮುಚ್ಚಿಕೊಂಡಳು. ತುಟಿ ಓದದೆ ಕೇಳಬೇಕೆಂದು ಮುಚ್ಚಿದಳು ಎಂದು ನನಗೆ ಅರ್ಥವಾಯಿತು. ಅವಳ ಕಿವಿಗೆ ಬಾಗಿ, ಐದು ತಿಂಗಳು ಇಟ್ಟುಕೊಂಡಿದ್ದ ಮಾತನ್ನು ಹೇಳಿದೆ.

ಅವಳು ಕಣ್ಣು ತೆರೆದಳು.

"ಕೇಳಿಸ್ತು," ಅಂದಳು. "ನಿಮ್ಮ ದನಿ ದಪ್ಪ, ಪುಣ್ಯಕ್ಕೆ."

"ನಿಮ್ಮ ಉತ್ತರ?"

"ನನಗೂ ಇಷ್ಟಾನೇ. ಅದೇ ಕಷ್ಟ." ಬ್ಯಾಗಿನ ಪಟ್ಟಿಯನ್ನು ಬೆರಳಿಗೆ ಸುತ್ತಿಕೊಂಡಳು. "ಆದ್ರೆ ನೀವಿನ್ನು ಬರಬೇಡಿ. ಪರೀಕ್ಷೆಗೂ ಬೇಡ, ಅಂಗಡಿಗೂ ಬೇಡ. ಇರೋದು ಎಷ್ಟು ಅಂತ ನನಗೆ ಸರಿಯಾಗಿ ತಿಳೀಬೇಕು. ನೀವು ಎದುರಿಗಿದ್ರೆ ನಾನು ಎಲ್ಲಾ ಕೇಳಿಸ್ತಿದೆ ಅಂತ ಅಂದ್ಕೊಂಡುಬಿಡ್ತೀನಿ."

ಅವಳು ಹೇಳಿದ್ದು ಸರಿಯಾಗಿಯೇ ಇತ್ತು.

ಬಸ್ಸು ದೂರದಲ್ಲಿ ಕಾಣಿಸಿತು. ಅವಳು ಫೋನ್ ತೆಗೆದಳು. "ಯಾವ ಆ್ಯಪ್ ಅಂತ ಹೇಳಲೇ ಇಲ್ಲ ನೀವು."

"ಕೆಂಪು," ಅಂದೆ. "ಅದರಲ್ಲಿ ಹಳೇ ಹಾಡು ಜಾಸ್ತಿ. ಗಂಡು ದನಿ, ತಬಲಾ, ಮೃದಂಗ. ನಿಮಗೆ ಅವು..."

ಅವಳು ಕೆಂಪು ಆ್ಯಪ್ ಇಳಿಸಿಕೊಂಡಳು. ಪರದೆಯ ಮೇಲೆ ಎರಡು ಚೌಕ ಬಂದವು: ಒಂದು ತಿಂಗಳು, ಒಂದು ವರ್ಷ.

"ವರ್ಷದ್ದು ತಗೊಳ್ಳಿ, ಕಡಿಮೆಗೆ ಬೀಳುತ್ತೆ," ಅಂದೆ. ಕೋಷ್ಟಕದಲ್ಲಿ ಬರೆದಿದ್ದ ಮಾತು ಬಾಯಿಗೆ ತಾನಾಗಿ ಬಂದಿತ್ತು.

ಅವಳು ನನ್ನ ಮುಖ ನೋಡಲಿಲ್ಲ. ಒಂದು ತಿಂಗಳು ಎಂಬುದನ್ನು ಒತ್ತಿದಳು.

ಬಸ್ಸು ಬಂತು, ಹತ್ತಿದಳು. ಕಿಟಕಿಯ ಪಕ್ಕ ಕೂತು ಬಲಗಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಕಣ್ಣು ಮುಚ್ಚಿದಳು. ಬಸ್ಸು ಹೆಬ್ಬಾಳದ ಕಡೆ ಹೊರಟಾಗ ಅವಳ ಹೆಬ್ಬೆರಳು ಫೋನಿನ ಅಂಚಿನಲ್ಲಿ ವಾಲ್ಯೂಮ್ ಬಟನ್ ಒತ್ತುತ್ತಿರುವುದು ಕಾಣಿಸಿತು. ಒಂದು ಸಲ, ಎರಡು ಸಲ, ಮತ್ತೆ, ಮತ್ತೆ.