ಜೋಸ್ವಿನ್ ಕಳಿಸಿದ ಮ್ಯಾಪು

ಪಾಯಿಂಟ್ ಕುಕ್‌ನ ಕಡಲದಂಡೆಯ ಕೆಸರಿನಲ್ಲಿ ಸಿಕ್ಕಿದ ಫೋನು ಕಾಣೆಯಾದ ತಮ್ಮ ಜೋಸ್ವಿನ್‌ನದೇ ಎಂದು ಮೆಲಿಶಾ ಗುರುತಿಸಿದಳು. ಕೆಂಪು ಕವರನ್ನು ಅವಳೇ ಕೊಡಿಸಿದ್ದಳು. ಎರಡು ವಾರವಾದರೂ ನೀರಿನಲ್ಲಿದ್ದಿರಬೇಕು ಎಂದರು ಪೊಲೀಸರು.

ಅಷ್ಟರಲ್ಲಿ ಅವಳ ಕೈಲಿದ್ದ ಫೋನು ಸದ್ದು ಮಾಡಿತು. ಮೆಸೇಜು — ಜೋಸ್ವಿನ್‌ನಿಂದ!

ಗೆಳೆಯನ ಕಾರಿನಲ್ಲಿ ಅಡಿಲೇಡ್ ಕಡೆ ಹೊರಟಿದ್ದೇನೆ, ಕಾಲ್ ಮಾಡಬೇಡ ಎಂದಿತ್ತು. ಜೊತೆಗೆ ಮ್ಯಾಪಿನ ಸ್ಕ್ರೀನ್‌ಶಾಟ್.

ಹೊಸ ಫೋನು ಕೊಂಡಿರಬಹುದೆಂದು ಪೊಲೀಸರು ಸುಮ್ಮನಾದರು. ಮೆಲಿಶಾ ಮಾತ್ರ ನಂಬಲಿಲ್ಲ. ಸಿಡ್ನಿಯಿಂದ ಅವಳ ಜೊತೆ ಬಂದಿದ್ದ ನೀಲಾಂಬಿಕಾ — ಅಲ್ಲಿನ ಪ್ಯಾರಮಟ್ಟಾದಲ್ಲಿ ಪತ್ತೇದಾರಿ ಕಚೇರಿ ನಡೆಸುವ ಧಾರವಾಡದ ಹೆಂಗಸು — ಆ ಚಿತ್ರವನ್ನೇ ಬಹಳ ಹೊತ್ತು ನೋಡಿದಳು.

"ತಮ್ಮನ ಮನೀಗೆ ಹೋಗೂಣು ನಡೀರಿ."

ಮನೆಯಲ್ಲಿ ಜೋಸ್ವಿನ್ ಜೊತೆ ಬಾಡಿಗೆಗಿದ್ದ ಇಬ್ಬರೂ ಸಿಕ್ಕಿದರು — ಮಂಗಳೂರಿನ ಗ್ಲಾಡ್ವಿನ್, ಮೈಸೂರಿನ ಗೌತಮ್.

"ಮೆಲಿಶಕ್ಕ, ಟೆನ್ಶನ್ ಮಾಡ್ಬೇಡಿ. ಗೌತಮ್ ಹತ್ರ ಜಗಳ ಮಾಡಿ ಹೋದದ್ದು ಅವ. ಬರ್ತಾನೆ" ಎಂದ ಗ್ಲಾಡ್ವಿನ್.

ಗೌತಮ್ ಬಿಳಿಚಿಕೊಂಡ. "ಜೋರಾಗಿ ಮ್ಯೂಸಿಕ್ ಹಾಕ್ತಾನೆ ಅಂತ ಬೈದೆ. ಅಷ್ಟೇ ಮೇಡಂ!"

"ಗ್ಲಾಡ್ವಿನ್, ನಿಮ್ಮ ಕಾರೆಲ್ಲಿ?" ಎಂದಳು ನೀಲಾಂಬಿಕಾ.

"ರಿಪೇರಿಗೆ ಕೊಟ್ಟಿದ್ದೇನೆ."

"ಹಾಲ್‌ನಾಗಿನ ಕಂಪ್ಯೂಟರ್ ಯಾರದು?"

"ಎಲ್ಲಾರೂ ಯೂಸ್ ಮಾಡ್ತೀವಿ" ಎಂದ ಗೌತಮ್. "ಜೋಸ್ವಿನ್ ಅದಕ್ಕೆ ಆಂಡ್ರಾಯ್ಡ್ ಹಾಕಿದ್ದಾನೆ. ಮೊಬೈಲ್ ಓಎಸ್ಸೇ, ಆದ್ರೆ ಓಪನ್ ಸೋರ್ಸ್ ಅಲ್ವಾ? ಯಾರು ಬೇಕಾದ್ರೂ ಬದಲಾಯಿಸ್ಕೋಬಹುದು. ಫೋನಿನ ಆ್ಯಪ್‌ಗಳೆಲ್ಲ ಡೆಸ್ಕ್‌ಟಾಪ್‌ನಲ್ಲೇ ಓಡುತ್ವೆ."

ನೀಲಾಂಬಿಕಾ ಅದನ್ನು ಆನ್ ಮಾಡಿದಳು. ಪರದೆಯ ಮೇಲೆ ಫೋನಿನಂತೆಯೇ ಆ್ಯಪ್‌ಗಳ ಸಾಲು. ಒಂದನ್ನು ಒತ್ತಿದಳು. ಜೋಸ್ವಿನ್‌ನ ಚಾಟ್ ತೆರೆದುಕೊಂಡಿತು. ಅದರ ತುದಿಯಲ್ಲಿ ಅದೇ ಮ್ಯಾಪು.

ಮೆಲಿಶಾ ತನ್ನ ಫೋನನ್ನು ಪರದೆಯ ಪಕ್ಕ ಹಿಡಿದು ನೋಡಿದಳು.

"ಮ್ಯಾಪಿನ ಊರು ಎಲ್ಲಾರೂ ನೋಡಿದ್ರಿ, ಮ್ಯಾಲಿನ ಮೂಲಿ ಯಾರೂ ನೋಡ್ಲಿಲ್ಲ" ಎಂದಳು ನೀಲಾಂಬಿಕಾ. "ಮೊಬೈಲ್ ಸಿಗ್ನಲ್ ಇಲ್ಲ, ವೈಫೈ ಇಲ್ಲ. ಅಲ್ಲಿರೋದು ಕೇಬಲ್ ನೆಟ್ಟಿನ ಗುರುತು. ಓಡೋ ಕಾರಿಗೆ ಕೇಬಲ್ ಯಾರ್ರೀ ಎಳದವರು? ಈ ಮೆಸೇಜು ಹೋಗಿದ್ದು ಇದ ಕಂಪ್ಯೂಟರಿನಿಂದ. ಮೆಲಿಶಾ, ಇದು ಯಾವ ಭಾಷಾ?"

"ಕೊಂಕಣಿ. ನಮ್ಮ ಮನೆ ಮಾತು."

"ಗೌತಮ್‌ಗ ಬರ್ತದ?"

"ಒಂದಕ್ಷರವೂ ಬರಲ್ಲ!" ಎಂದ ಗೌತಮ್.

ಆ ಮನೆಯಲ್ಲಿ ಕೊಂಕಣಿ ಬಲ್ಲ ಇನ್ನೊಬ್ಬ ಗ್ಲಾಡ್ವಿನ್; ಎಲ್ಲರ ಕಣ್ಣೂ ಅವನ ಕಡೆ ತಿರುಗಿದವು. ಅವನು ಗೋಡೆಗೊರಗಿ ಕುಸಿದ.

"ಕುಡಿದು ಓಡಿಸ್ತಿದ್ದೆ. ಕಾರು ಮರಕ್ಕೆ ಹೊಡೀತು. ಅವ ಪಕ್ಕದ ಸೀಟಲ್ಲಿದ್ದ... ಜೈಲಾದ್ರೆ ಇಲ್ಲಿ ನೆಲೆಸುವ ಪಿಆರ್ ಹೋಗ್ತದೆ ಅಂತ ಹೆದರಿದೆ. ಸಮುದ್ರಕ್ಕೆ..."

"ಆಗ ಉಸಿರಾಡ್ತಿದ್ದನಾ?" ಎಂದಳು ಮೆಲಿಶಾ. "ಗ್ಲಾಡ್ವಿನ್, ಉಸಿರಾಡ್ತಿದ್ದನಾ?"

ಅವನು ಎರಡೂ ಕೈಗಳಿಂದ ಕಿವಿ ಮುಚ್ಚಿಕೊಂಡ.

ನೀಲಾಂಬಿಕಾ ಪೊಲೀಸರಿಗೆ ಕರೆ ಮಾಡುತ್ತಿದ್ದಾಗಲೇ ಮೆಲಿಶಾಳ ಫೋನು ರಿಂಗಾಯಿತು. ಸಿಡ್ನಿಯ ಟೂಂಗಾಬಿಯಿಂದ ತಾಯಿ ಇಡಾ.

"ಮೆಲಿಶಾ, ಜೋಸ್ವಿನ್ ನನಗೂ ಬರೆದಿದ್ದಾನೆ! ಕ್ರಿಸ್ಮಸ್‌ಗೆ ಮನೆಗೆ ಬರ್ತಾನಂತೆ. ಈ ಸಲ ಕುಸ್ವಾರಿಗೆ ಏನೇನು ತಿಂಡಿ ಮಾಡುವ, ಹೇಳು?"