ಮೊಣಕಾಲೆತ್ತರದ ಸ್ವಿಚ್

“ಅಂಕಲ್, ಒಂದ್ನಿಮಿಷ. ಅದನ್ನ ಈಗ್ಲೇ ಕೀಳ್ಬೇಡಿ.”

ಕೋಣೆಯ ಮೂಲೆಯಲ್ಲಿ ಸ್ಕ್ರೂಡ್ರೈವರ್ ಹಿಡಿದು ಕುಕ್ಕರುಗಾಲಲ್ಲಿ ಕೂತಿದ್ದ ಎಲೆಕ್ಟ್ರಿಷಿಯನ್ ತಲೆಯೆತ್ತಿದ.

“ಯಾಕಮ್ಮಾ? ಮೊಣಕಾಲ ಹತ್ರ ಯಾರಾದ್ರೂ ಸ್ವಿಚ್ ಹಾಕ್ತಾರಾ? ಯಾವನೋ ಬೆಪ್ಪನ ಕೆಲಸ ಇದು. ಮೇಲೆ ಹಾಕಿ ಅಂದಿದಾರೆ ನಿಮ್ಮಮ್ಮ.”

“ಅದು ಸುಳಿವು ಅಂಕಲ್!”

ಅವಳನ್ನು ಮನೆಯಲ್ಲಿ ಎಲ್ಲರೂ ಕರೆಯುವುದು ಚಿನಕುರಳಿ ಎಂದೇ. ಈ ಹಳೇ ಮನೆಗೆ ಬಂದು ನಾಲ್ಕೇ ದಿನವಾಗಿತ್ತು. ಹೊಸ ಶಾಲೆಯಲ್ಲಿ ಇನ್ನೂ ಒಬ್ಬರೂ ಅವಳನ್ನು ಮಾತಾಡಿಸಿರಲಿಲ್ಲ. ಸೋಮವಾರ ಕ್ಲಾಸಿನಲ್ಲಿ ‘ನಮ್ಮ ಮನೆಯ ಇತಿಹಾಸ’ ಹೇಳಬೇಕು, ಮೊದಲ ಸರದಿ ಅವಳದೇ. “ಕಟ್ಟುಕತೆ ಬೇಡ, ವಿಚಾರಿಸಿಕೊಂಡು ಬನ್ನಿ” ಎಂದಿದ್ದರು ಟೀಚರ್.

ಚಾವಣಿಯಲ್ಲಿ ಸಾಲಾಗಿ ಆರು ಕೊಕ್ಕೆ. ನಡುಮನೆಯ ನೆಲ ಮಾತ್ರ ಕನ್ನಡಿಯಷ್ಟು ನುಣುಪು. ಕೋಣೆಗೆ ಹೊಸ್ತಿಲೇ ಇಲ್ಲ. ಅದೆಲ್ಲ ಸಾಲದು ಅಂತ ಈ ಸ್ವಿಚ್ಚು. ಚಿನಕುರಳಿಯ ತಲೆಗೆ ಹುಳ ಬಿಟ್ಟಂತಾಗಿತ್ತು.

“ಸರಿ, ನಾನು ಟೀ ಕುಡಿಯೋವರೆಗೆ ಟೈಮು” ಎಂದ ಎಲೆಕ್ಟ್ರಿಷಿಯನ್.

ಅವಳು ಚಪ್ಪಲಿಯನ್ನೂ ಮೆಟ್ಟದೆ ಎದುರಿನ ಇಸ್ತ್ರಿ ಅಂಗಡಿಗೆ ಓಡಿದಳು. ಬೀದಿಯ ಎಲ್ಲರ ಬಟ್ಟೆಗೂ ನಲವತ್ತು ವರ್ಷದಿಂದ ಇಸ್ತ್ರಿ ಹಾಕುತ್ತ ಬಂದ ಅಜ್ಜಿ ಅಲ್ಲಿದ್ದರು.

“ಅಜ್ಜೀ, ನಮ್ಮನೇಲಿ ಮುಂಚೆ ಯಾರ್ಯಾರಿದ್ರು? ಬೇಗ ಹೇಳಿ, ಟೀ ಮುಗಿದ್ಹೋಗತ್ತೆ!”

“ನಿಧಾನ ಕಣೇ, ಉಸಿರು ತಗೋ. ಮೊದಲು ಟೈಲರ್ ಇದ್ದ. ಹೊಲಿದ ಕೋಟನ್ನೆಲ್ಲ ಕೊಕ್ಕೆಗೆ ನೇತು ಹಾಕ್ತಿದ್ದ. ಆಮೇಲೆ ಡಾನ್ಸ್ ಹೇಳ್ಕೊಡೋ ಅಕ್ಕ ತಂಗಿ. ನಡುಮನೇಲಿ ಅದೆಷ್ಟು ಮಕ್ಕಳು ಕುಣಿದ್ವೋ!”

ನೆಲ ನುಣುಪಾದದ್ದು ಹಾಗೆ. ಚಿನಕುರಳಿಗೆ ಖುಷಿ ತಡೆಯಲಾಗಲಿಲ್ಲ. “ಮತ್ತೆ ಸ್ವಿಚ್ಚು?”

“ರೇಡಿಯೋ ರಿಪೇರಿಯವರು. ಕಾಲಲ್ಲಿ ಶಕ್ತಿ ಇರ್ಲಿಲ್ಲ. ಗಾಲಿ ಹಲಗೆ ಮೇಲೆ ಕೂತು ಮನೆಯೆಲ್ಲ ಓಡಾಡೋರು. ಅದಕ್ಕೇ ಹೊಸ್ತಿಲು ತೆಗೆಸಿದ್ದು, ಸ್ವಿಚ್ ಕೆಳಗೆ ಹಾಕಿಸಿದ್ದು.” ಅಜ್ಜಿ ನಕ್ಕರು. “ಹಾಕಿದೋನು ನಿಮ್ಮನೇಲೇ ಟೀ ಕುಡೀತಿದಾನಲ್ಲ, ಅವನೇ.”

ಚಿನಕುರಳಿ ಓಡಿ ಬಂದು ಒಂದೇ ಉಸಿರಿಗೆ ಎಲ್ಲವನ್ನೂ ಒದರಿದಳು. ಎಲೆಕ್ಟ್ರಿಷಿಯನ್ ಲೋಟ ಕೆಳಗಿಟ್ಟು ಗೋಡೆಯನ್ನೇ ನೋಡಿದ.

“ಅಯ್ಯೋ, ಹೌದಲ್ಲ. ಆಗ ಗೋಡೆ ಹಸಿರಿತ್ತು. ಸಾವಿರ ಮನೆ ನೋಡಿದ ಮೇಲೆ ಮರೆತೇಹೋಯ್ತು. ಹಲಗೆ ಮೇಲೆ ಕೂತು ಮೂರು ಸಲ ಕೈ ಚಾಚಿ ಅಳತೆ ತೋರಿಸಿದ್ರು. ಹಾಕಿದ ಮೇಲೆ ಮಕ್ಕಳ ಹಾಗೆ ಹತ್ತು ಸಲ ಹಾಕಿ ಆರಿಸಿದ್ರು. ‘ಇನ್ಮೇಲೆ ಯಾರನ್ನೂ ಕರೀಬೇಕಾಗಿಲ್ಲಪ್ಪ’ ಅಂದಿದ್ರು.” ಅವನ ದನಿ ತಗ್ಗಿತು.

ಚಿನಕುರಳಿ ನೆಲದ ಮೇಲೆ ಕಾಲು ಚಾಚಿ ಕೂತಳು. ಕೈ ಮುಂದೆ ಮಾಡಿದಳು. ಸ್ವಿಚ್ಚು ಸರಿಯಾಗಿ ಬೆರಳಿಗೇ ಸಿಕ್ಕಿತು. ದೀಪ ಹತ್ತಿತು. ಆರಿಸಿ, ಮತ್ತೆ ಹಾಕಿದಳು.

“ಅಮ್ಮಾ, ಇದು ಇರ್ಲಿ” ಎಂದಳು, ಟೀ ಲೋಟ ಒಯ್ಯಲು ಬಂದ ಅಮ್ಮನಿಗೆ. “ಮೇಲೆ ಇನ್ನೊಂದು ಹಾಕಿದ್ರೆ ಆಗಲ್ವಾ?”

ಅಮ್ಮ ಎಲೆಕ್ಟ್ರಿಷಿಯನ್ ಮುಖ ನೋಡಿದರು. ಅವನಾಗಲೇ ವೈರು ಬಿಚ್ಚುತ್ತಿದ್ದ. “ಎರಡರಲ್ಲೂ ದೀಪ ಹತ್ತೋ ಹಾಗೆ ಮಾಡ್ತೀನಿ ಬಿಡಿ ಅಮ್ಮ.”

ಸಂಜೆ ಚಿನಕುರಳಿ ನೋಟ್‌ಬುಕ್ಕಿನಲ್ಲಿ ಟೈಲರ್, ಡಾನ್ಸ್ ಅಕ್ಕಂದಿರು, ರೇಡಿಯೋದವರು ಎಂದು ಬರೆದಳು. ಅದರ ಕೆಳಗೆ ‘ನಾವು’ ಎಂದು ಬರೆದು ಪೆನ್ಸಿಲ್ ಕಚ್ಚಿದಳು. ನಾಲ್ಕು ದಿನದಲ್ಲಿ ತಾವೇನು ಮಾಡಿದ್ದೇವೆ, ಬರೆಯುವುದಕ್ಕೆ?

ಅವಳು ಗೋಡೆಯತ್ತ ತಿರುಗಿದಳು. ಒಂದರ ಮೇಲೊಂದು ಎರಡು ಸ್ವಿಚ್ಚು. ಮುಂದೆ ಯಾವುದೋ ಹುಡುಗಿ ಈ ಮನೆಗೆ ಬಂದು, ಒಂದೇ ದೀಪಕ್ಕೆ ಎರಡು ಯಾಕೆ ಎಂದು ಕೇಳಿಕೊಂಡು ಬೀದಿಯೆಲ್ಲ ಓಡುತ್ತಾಳೆ.

ಚಿನಕುರಳಿ ನಕ್ಕು, ‘ನಾವು’ ಎಂಬುದರ ಕೆಳಗೆ, ಮುಂದೆ ಬರುವವರಿಗೆಂದು ಒಂದು ಸಾಲಿನಷ್ಟು ಜಾಗ ಬಿಟ್ಟಳು.